ಮಧೂರಿನ ನಡೆಯಲ್ಲಿ ಮರೆತದ್ದು

ಕಳೆದ ಮಂಗಳವಾರ ಕಾಸರಗೋಡಿನ ಹತ್ತಿರದ ಮಧೂರು ದೇವಸ್ಥಾನಕ್ಕೆ ಹೋಗಿದ್ದೆ. ಅಲ್ಲಿಯ ಗಣಪತಿ ನಮಗೆ ಬೊಡ್ಡಜ್ಜ. ಮಗಳಿಗೆ ಕನ್ನಡ ಟೀಚರ್ ಕೆಲಸ ಸಿಗಲಿ ಎಂದು ಹರಕೆ ಹೇಳಿಕೊಳ್ಳಬೇಕಿತ್ತು. ರ್‍ಯಾಂಕ್ ಪಟ್ಟಿಯಲ್ಲಿ ಅವಳ ಹೆಸರು ತುಂಬ ಕೆಳಗೆ ಉಂಟು. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಬೊಡ್ಡಜ್ಜ, ಕೆಲಸವಾದರೆ ಸಾವಿರ ಅಪ್ಪದ ಸಹಸ್ರಪ್ಪ ಸೇವೆ ಮಾಡಿಸುತ್ತೇನೆ, ಇದೇ ವರ್ಷ ಆಗಬೇಕು, ದೂರದ ಊರಿಗೆ ಬೇಡ. ಹೀಗೆ ಒಂದೊಂದೇ ಸೇರಿಸುತ್ತಾ ಹೋದೆ.

ನಡೆಯಲ್ಲಿ, ಗರ್ಭಗುಡಿಯ ಎದುರು ನಿಂತೆ. ಪ್ರಸಾದದ ಅಪ್ಪದ ವಾಸನೆ ಬಂತು. ಜೋಡಿಸಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಕೈ ಮುಗಿದು ಸುಮ್ನೆ ನಿಂತಿದ್ದೆ, ಕಣ್ಣು ತುಂಬಿತ್ತು.

ಅದು ಅಜ್ಜಿಯ ವಾಸನೆ. ತುಪ್ಪ, ಬೆಲ್ಲ, ತೆಂಗಿನಕಾಯಿ ಚೂರು, ಜೊತೆಗೆ ಬಾಡಿದ ಬಾಳೆ ಎಲೆ. ಮಧೂರಿನಿಂದ ಬರುವಾಗ ಅಜ್ಜಿ ಅಪ್ಪದ ಪೊಟ್ಟಣವನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತ ನನಗೆ ಬಾಯಲ್ಲಿ ನೀರು. ಒಂದೇ ಒಂದು ಕೊಡಿ ಅಜ್ಜಿ ಎಂದರೆ, “ದಾರಿಯಲ್ಲಿ ತಿಂದ್ರೆ ಅದು ತಿಂಡಿ ಆಗ್ತದೆ ಮಗೂ. ಹಂಚಿ ಉಳಿದದ್ದು ಪ್ರಸಾದ” ಎನ್ನುತ್ತಿದ್ದರು. ಮನೆಗೆ ಬಂದ ಮೇಲೂ ನನ್ನ ಸರದಿ ಕೊನೆಗೆ. ಮೊದಲು ಆಚೆ ಮನೆಗೆ, ಆಮೇಲೆ ತೋಟದ ಕೆಲಸದವರಿಗೆ, ಆಮೇಲೆ ನಮಗೆ. ನನ್ನ ಕೈಗೆ ಬರುವಾಗ ಅರ್ಧ ಅಪ್ಪ. ಎಲ್ಲ ಮುಗಿದ ಮೇಲೆ ಎಲೆಗೆ ಅಂಟಿದ ತುಪ್ಪವನ್ನು ಬೆರಳಲ್ಲಿ ಒರೆಸಿ ನನ್ನ ನಾಲಗೆಗೆ ಹಚ್ಚುತ್ತಿದ್ದರು. ಆ ಬೆರಳು ಒರಟು. ಅಡಿಕೆ ಸುಲಿದು ಸುಲಿದು ತುದಿ ಕಪ್ಪಾಗಿತ್ತು. ಅಷ್ಟು ರುಚಿ ಆಮೇಲೆ ಯಾವುದರಲ್ಲೂ ಸಿಗಲಿಲ್ಲ.

ನಮ್ಮ ಊರು ಬಾಯಾರು. ಊರಿನ ಹೆಸರನ್ನು ಹಾಗೇ ಓದಿದರೆ ನೀರು ಕೇಳಿದ ಹಾಗೆ ಇರುತ್ತದೆ, ಅಲ್ವಾ? ಬುದ್ಧ ಸಾರನಾಥದಲ್ಲಿ ಐದು ಜನ ಭಿಕ್ಷುಗಳಿಗೆ ದುಃಖದ ಕಾರಣ ಹೇಳುವಾಗ ಬಳಸಿದ ಮಾತು ‘ತಣ್ಹಾ’. ಸಂಸ್ಕೃತದಲ್ಲಿ ಅದು ತೃಷ್ಣೆ. ಅರ್ಥ ಬಾಯಾರಿಕೆಯೇ. ಮೂರು ಬಗೆ ಹೇಳಿದ್ದಾನೆ. ಸುಖ ಬೇಕು ಎನ್ನುವುದು ಒಂದು, ಹೀಗೇ ಇರಬೇಕು ಎನ್ನುವುದು ಇನ್ನೊಂದು, ಇದೆಲ್ಲ ಇಲ್ಲವಾಗಲಿ ಎನ್ನುವುದು ಮೂರನೆಯದು. ಮೂರನೆಯದನ್ನು ಓದಿ ನಾನು ತುಂಬ ಹೊತ್ತು ಯೋಚಿಸಿದೆ. ಬೇಡ ಬೇಡ ಎನ್ನುವುದೂ ಬಾಯಾರಿಕೆಯೇ.

ಮಧೂರಿನ ಭಕ್ತೆಗೆ ಬುದ್ಧನ ಮಾತು ಯಾಕೆ ಎಂದು ಕೇಳಬೇಡಿ. ನಾವು ಮಂಗಳೂರಿಗೆ ಹೋದಾಗ ಕೈ ಮುಗಿಯುವ ಕದ್ರಿ ದೇವಸ್ಥಾನದಲ್ಲೇ ಬೌದ್ಧರ ಬೋಧಿಸತ್ವ, ಕಂಚಿನ ಲೋಕೇಶ್ವರ ಇದ್ದಾನೆ. ಪೀಠದ ಶಾಸನ ಕ್ರಿ.ಶ. 968ರದ್ದು, ಅದರಲ್ಲಿ ಕದ್ರಿಯನ್ನು ವಿಹಾರ, ಅಂದರೆ ಭಿಕ್ಷುಗಳ ಮಠ ಎಂದೇ ಕರೆದಿದೆ. ಇತ್ತ ಬಂಗ್ರ ಮಂಜೇಶ್ವರದಲ್ಲಿ ಜೈನ ಬಸದಿ ಉಂಟು. ಜೈನರು ಕೋಪ, ಅಹಂಕಾರ, ಕಪಟ, ಲೋಭ ಎಂದು ನಾಲ್ಕು ಕಷಾಯ, ಅಂದರೆ ಮನಸ್ಸಿಗೆ ಅಂಟುವ ಕಲೆ ಹೇಳುತ್ತಾರೆ. ಉಳಿದ ಮೂರು ಹೋದ ಮೇಲೂ ಲೋಭದ ಒಂದು ಎಳೆ ಉಳಿದಿರುತ್ತದಂತೆ. ಹರಕೆ ಹೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಹಾಗಾದರೆ ಆಸೆಯೇ ತಪ್ಪಾ? ಬೌದ್ಧರ ಉಪದೇಶಗಳಾದ ಪಾಲಿ ಸುತ್ತಗಳಲ್ಲಿ ಒಂದು ಸಣ್ಣ ಪ್ರಸಂಗ ಬರುತ್ತದೆ. ಕೋಸಂಬಿಯ ಘೋಷಿತಾರಾಮ ಎಂಬ ತೋಟಕ್ಕೆ ಉಣ್ಣಾಭ ಎಂಬ ಬ್ರಾಹ್ಮಣ ಬರುತ್ತಾನೆ. ಆಸೆ ಬಿಡಬೇಕು ಎನ್ನುವುದೂ ಆಸೆ ತಾನೇ, ಹೀಗಾದರೆ ಇದಕ್ಕೆ ಕೊನೆಯೇ ಇಲ್ಲವಲ್ಲ ಎಂದು ಬುದ್ಧನ ಶಿಷ್ಯ ಆನಂದನನ್ನು ಕೇಳುತ್ತಾನೆ. ಆನಂದ ತಿರುಗಿ ಕೇಳುತ್ತಾನೆ, ಈ ತೋಟಕ್ಕೆ ಬರಬೇಕೆಂದು ನಿನಗೆ ಆಸೆ ಇತ್ತಲ್ಲ? ಇತ್ತು. ಬಂದ ಮೇಲೆ ಆ ಆಸೆ ಏನಾಯಿತು? ಅಡಗಿತು. ಅಷ್ಟೇ ಉತ್ತರ.

ನಮ್ಮ ಕಡೆ ನೀರಿಗೆ ಸುರಂಗ ತೋಡುತ್ತಾರೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟೇ ಅಗಲ. ಒಳಗೆ ಕತ್ತಲೆ, ಉಸಿರು ಕಟ್ಟುತ್ತದೆ. ನೀರು ಸಿಕ್ಕೇ ಸಿಗುತ್ತದೆ ಎಂಬ ಆಸೆ ಇಲ್ಲದೆ ಯಾರೂ ಅಲ್ಲಿ ಪಿಕಾಸು ಹಿಡಿಯಲಾರರು. ಒರತೆ ಕಂಡ ದಿನ ಪಿಕಾಸು ಹೊರಗೆ ಬರುತ್ತದೆ. ಇಂಥ ಆಸೆಗೆ ಬೌದ್ಧರಲ್ಲಿ ‘ಛಂದ’ ಎಂಬ ಬೇರೆ ಮಾತೇ ಉಂಟು. ಒಳ್ಳೆಯ ಕೆಲಸಕ್ಕೆ ಅದು ಬೇಕು ಎನ್ನುತ್ತಾರೆ.

ಈಗ ಮಧೂರಿನ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಹೋಗುವುದು ಗಣಪತಿಗೆ. ಆದರೆ ಮೂಲದಲ್ಲಿ ಅದು ಶಿವನ ಮನೆ. ಹುಲ್ಲು ಕೊಯ್ಯಲು ಹೋದ ಮಾದರು ಎಂಬ ಹೆಂಗಸಿಗೆ ಕಂಡ ಉದ್ಭವ ಲಿಂಗ ಅದು. ಮಕ್ಕಳು ಆಟಕ್ಕೆಂದು ಗೋಡೆಯಲ್ಲಿ ಬರೆದ ಗಣಪತಿ ಬೆಳೆದು ಬೆಳೆದು ಬೊಡ್ಡಜ್ಜನಾದದ್ದು ಆಮೇಲೆ. ಶಿವನ ಹೆಸರು ಮದನಂತೇಶ್ವರ. ಮದನನನ್ನು ಮುಗಿಸಿದವನು! ಅಶ್ವಘೋಷ ಕವಿ ಹೇಳುತ್ತಾನೆ, ಲೋಕ ಯಾರನ್ನು ಕಾಮದೇವ ಎನ್ನುತ್ತದೋ ಅವನೇ ಬುದ್ಧನ ಧ್ಯಾನ ಕೆಡಿಸಲು ಬಂದ ಮಾರ ಎಂದು. ಆ ಕಾಮನನ್ನೇ ಸುಟ್ಟವನ ಮನೆಗೆ ನಾವು ನಮ್ಮ ಆಸೆಗಳ ಗಂಟು ಹೊತ್ತು ಹೋಗುತ್ತೇವೆ. ಬಾಗಿಲಲ್ಲೇ ಮಗ ಕೂತು ಅದನ್ನು ಇಳಿಸಿಕೊಳ್ಳುತ್ತಾನೆ, ಕೈಗೆ ಒಂದು ಅಪ್ಪ ಕೊಟ್ಟು ಕಳಿಸುತ್ತಾನೆ. ಎಂಥ ಏರ್ಪಾಡು ನೋಡಿ.

1992ರ ಮೂಡಪ್ಪ ಸೇವೆಗೆ ಅಜ್ಜಿ ನನ್ನನ್ನು ಕರೆದುಕೊಂಡು ಹೋಗಿದ್ದರು. ಅದಾಗಿ 33 ವರ್ಷಕ್ಕೆ, 2025ರಲ್ಲಿ ಮತ್ತೆ ಆಯಿತು. ಮಹಾಗಣಪತಿಯನ್ನು ಅಪ್ಪದಿಂದ ಮುಚ್ಚುವ ಸೇವೆ. ಸಾವಿರಾರು ಮನೆಯವರ ಬೇಕುಗಳು ರಾಶಿಯಾಗಿ ದೇವರನ್ನೇ ಮುಚ್ಚುತ್ತವೆ. ಆಮೇಲೆ ಅದಷ್ಟೂ ಜನರ ಕೈಗೆ ಹಂಚಿಹೋಗುತ್ತದೆ. ದೇವರು ಮೊದಲಿನ ಹಾಗೇ ನಿಲ್ಲುತ್ತಾನೆ.

ಒಂದು ಬೇಸರ ಹೇಳಲೇಬೇಕು. ಈಗ ಹರಕೆ ಎನ್ನುವುದು ಕರಾರು ಪತ್ರದ ಹಾಗೆ ಆಗಿದೆ. ನಾನೂ ಬಸ್ಸಿನಲ್ಲಿ ಮಾಡಿದ್ದು ಅದನ್ನೇ. ಅಜ್ಜಿ ಅರಶಿನ ಬಟ್ಟೆಯಲ್ಲಿ ನಾಣ್ಯ ಕಟ್ಟಿ ಮುಡಿಪು ಇಡುತ್ತಿದ್ದರು. ಯಾಕೆ ಕಟ್ಟಿದ್ದು ಎಂದು ಯಾರಿಗೂ ಹೇಳುತ್ತಿರಲಿಲ್ಲ. ಆಗದಿದ್ದರೂ ಒಪ್ಪಿಸಿ ಬರುತ್ತಿದ್ದರು. ಈಗ ಕೆಲಸ ಆಗದಿದ್ದರೆ ದೇವರ ಮೇಲೇ ದೂರು. ಆಯಿತೆಂದರೆ ನಡೆಯಲ್ಲಿ ಫೋಟೋ ತೆಗೆದು ಸ್ಟೇಟಸ್ ಹಾಕುವ ಅವಸರ. ಒಂದು ನಿಮಿಷ ಸುಮ್ಮನೆ ನಿಲ್ಲುವವರು ಕಡಿಮೆ. ಪ್ರಸಾದ ಬಸ್ ಸ್ಟ್ಯಾಂಡಿಗೆ ಬರುವ ಮೊದಲೇ ಖಾಲಿ.

ಮಗಳಿಗೆ ಕೆಲಸ ಬೇಕು. ಈಗಲೂ ಬೇಕು, ಇಲ್ಲ ಎನ್ನುವುದಿಲ್ಲ. ಆದರೆ ಮಂಗಳವಾರ ಆ ಹತ್ತು ನಿಮಿಷ ನನಗೆ ಏನೂ ಬೇಡವಾಗಿತ್ತು. ಮಧುವಾಹಿನಿ ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ತಿರುಗಿ ಹೋಗಿ ಕೇಳಿ ಬರಬಹುದಿತ್ತು. ಹೋಗಲಿಲ್ಲ.

ಮನೆಗೆ ಬಂದಾಗ ಮಗಳು ಮೆಟ್ಟಿಲಲ್ಲೇ ಕಾಯುತ್ತಿದ್ದಳು. “ಹೇಳಿಕೊಂಡಿಯಾ ಅಮ್ಮ?” ಎಂದಳು. ಮರೆತುಹೋಯಿತು ಮಗಳೇ ಎಂದೆ. ಅವಳು ಏನೂ ಅನ್ನಲಿಲ್ಲ. ಪೊಟ್ಟಣ ಬಿಚ್ಚಿ, ಆಚೆ ಮನೆಗೆ ಎರಡು ಅಪ್ಪ ಬೇರೆ ಎಲೆಯಲ್ಲಿ ಕಟ್ಟಿದಳು. ನಾನು ಹೇಳಿಕೊಟ್ಟದ್ದಲ್ಲ.