ದೊಡ್ಡ ಮೀನಿನ ಹೊಟ್ಟೆಯೊಳಗೆ

ನೆದರ್ಲೆಂಡ್ಸ್ ಸೀಮೆಯ ಚಿತ್ರಕಾರ ಪೀಟರ್ ಬ್ರೂಗಲ್ 1556ರಲ್ಲಿ ಬಿಡಿಸಿದ ರೇಖಾಚಿತ್ರವನ್ನು ಆಧರಿಸಿ ಪೀಟರ್ ವಾನ್ ಡರ್ ಹೈಡನ್ ತಾಮ್ರದ ತಗಡಿನಲ್ಲಿ ಕೊರೆದ, 1557ರಲ್ಲಿ ಆಂಟ್‌ವರ್ಪ್ ನಗರದ ಪ್ರಕಾಶಕ ಹಿಯರೋನಿಮಸ್ ಕಾಕ್ ಪ್ರಕಟಿಸಿದ ‘ದೊಡ್ಡ ಮೀನು ಸಣ್ಣ ಮೀನನ್ನು ತಿನ್ನುತ್ತದೆ’ ಎಂಬ ಚಿತ್ರವನ್ನು ಇಂದು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ. ನಾವು ಮತ್ಸ್ಯನ್ಯಾಯ ಎನ್ನುವುದನ್ನು ಇಲ್ಲಿ ಗಾದೆಯ ಒಂದೊಂದು ಪದವನ್ನೂ ನಂಬಿದವನಂತೆ ಚಿತ್ರಿಸಲಾಗಿದೆ. ದಡದಲ್ಲಿ ಬಿದ್ದ ಬೃಹತ್ ಮೀನಿನ ಬಾಯಿಂದಲೂ ಸೀಳಿದ ಹೊಟ್ಟೆಯಿಂದಲೂ ಮೀನುಗಳು ಸುರಿಯುತ್ತಿವೆ. ಅವುಗಳ ಬಾಯಲ್ಲಿ ಮತ್ತಷ್ಟು ಸಣ್ಣ ಮೀನುಗಳು. ಎಡಗಡೆ ಮನುಷ್ಯನ ಕಾಲುಗಳುಳ್ಳ ಮೀನೊಂದು ಬೇಟೆಯನ್ನು ಕಚ್ಚಿಕೊಂಡು ನಡೆದುಹೋಗುತ್ತಿದೆ. ಹೊಟ್ಟೆಯನ್ನು ಸೀಳುತ್ತಿರುವವನ ಭಾರಿ ಚೂರಿಯ ಅಲಗಿನ ಮೇಲೆ ಲೋಕವನ್ನು ಸೂಚಿಸುವ, ಶಿಲುಬೆಯುಳ್ಳ ಗೋಳದ ಗುರುತಿದೆ. ಹೊಟ್ಟೆಬಾಕತನ ಒಂದು ಮೀನಿನದಲ್ಲ, ಇಡೀ ಲೋಕದ್ದು ಎಂದು ನಾನು ಅದನ್ನು ಓದಿಕೊಂಡೆ.

ವಿಚಿತ್ರವೆಂದರೆ, ಅಚ್ಚಿನಲ್ಲಿ ಮೂಲ ಕಲಾವಿದನೆಂದು ನಮೂದಾಗಿರುವುದು 1516ರಲ್ಲೇ ತೀರಿಕೊಂಡಿದ್ದ ಹಿಯರೋನಿಮಸ್ ಬಾಷ್‌ನ ಹೆಸರು. ಬ್ರೂಗಲ್ ಆಗಿನ್ನೂ ಹೊಸಬ, ಬಾಷ್‌ನ ಹೆಸರಿಗೆ ಮಾರುಕಟ್ಟೆಯಿತ್ತು. ವ್ಯಾಪಾರದ ಲೆಕ್ಕಾಚಾರವೇ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಊಹಿಸಲಾಗಿದೆ. ಚಿತ್ರದ ವಿಷಯಕ್ಕೆ ಇದಕ್ಕಿಂತ ಒಪ್ಪುವ ಅಡಿಟಿಪ್ಪಣಿ ಬೇರೊಂದಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಕೆಳಗಿನ ದೋಣಿ. ಅಲ್ಲಿ ತಂದೆ ಮಗನಿಗೆ ಆ ದೊಡ್ಡ ಮೀನನ್ನು ತೋರಿಸುತ್ತಿದ್ದಾನೆ, ಪಕ್ಕದಲ್ಲೇ ‘ನೋಡು’ ಎಂಬರ್ಥದ ಲ್ಯಾಟಿನ್ ಪದ ಕೊರೆದಿದೆ. ಮಗನಾದರೋ ಅದೇ ದೋಣಿಯಲ್ಲಿ ಕುಳಿತು ಮೀನಿನೊಳಗಿಂದ ಮತ್ತೊಂದು ಮೀನನ್ನು ಹೊರತೆಗೆಯುತ್ತಿರುವವನ ಕಡೆಗೆ ಬೆರಳು ತೋರಿಸುತ್ತಿದ್ದಾನೆ.