ಹನ್ನೊಂದು ಆಲಿಕೆಗಳ ಮಳೆ ಲೆಕ್ಕ: ಎರಡನೆಯ ವರ್ಷ

ಮಳೆ ಅಳೆಯಲು ಕ್ಯಾನಿನ ಬಾಯಿಗೆ ಸಿಕ್ಕಿಸಿದ ಆಲಿಕೆಗಳು ಕಳೆದ ಸಲ ಬರೆದಾಗ ನಾಲ್ಕಿದ್ದವು, ಈಗ ಹನ್ನೊಂದಿವೆ. ಹನ್ನೆರಡನೆಯದು ಜಗಲಿಯ ಮೇಲೆ ಬಣ್ಣ ಒಣಗಿಸಿಕೊಳ್ಳುತ್ತಿದೆ.

ಹೊಸದಾಗಿ ಓದುತ್ತಿರುವವರಿಗಾಗಿ ಎರಡು ಮಾತು. ನಮ್ಮದು ಮೂಡಿಗೆರೆ ತಾಲ್ಲೂಕಿನ ಘಟ್ಟದಂಚಿನ ಒಂದು ಪಂಚಾಯಿತಿ. ಆರು ಎಕರೆ ರೊಬಸ್ಟಾ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಕಾಳುಮೆಣಸು, ಒಂದು ಕಾಲದಲ್ಲಿ ಗದ್ದೆಯಾಗಿದ್ದ ಜಾಗದಲ್ಲಿ ಅಡಿಕೆ. ಅಪ್ಪ 1974ರಿಂದ ಮಳೆ ಪುಸ್ತಕ ಬರೆಯುತ್ತಿದ್ದರು, ಇಂಚು ಮತ್ತು ಸೆಂಟುಗಳಲ್ಲಿ. ನೂರು ಸೆಂಟಿಗೆ ಒಂದು ಇಂಚು. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು. ಕಾಫಿ ಸೀಮೆಯಲ್ಲಿ ಮಾತ್ರ ಇಂದಿಗೂ ಬೆಳಿಗ್ಗೆ ಫೋನ್ ಎತ್ತಿದರೆ ‘ನಿಮ್ಮಲ್ಲಿ ಎಷ್ಟು ಸೆಂಟ್?’ ಎಂಬುದೇ ಮೊದಲ ಮಾತು. ಹಾಗಾಗಿ ನನ್ನ ಪುಸ್ತಕದಲ್ಲಿ ಎರಡೂ ಅಂಕಣಗಳಿವೆ.

ಇದು ಬರೀ ಹವ್ಯಾಸವಾಗಿ ಉಳಿಯದಿರುವುದಕ್ಕೆ ಕಾರಣ ವಿಮೆ. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಷ್ಕೃತ ರೂಪ 2016ರಲ್ಲಿ ಬಂದಿತು. 2025ರಲ್ಲಿ ನಮ್ಮ ಕಡೆ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ಕಾಳುಮೆಣಸಿಗೆ 47,000. ರೈತನ ಪಾಲು ಶೇ 5, ಅಂದರೆ 6,400 ಮತ್ತು 2,350 ರೂಪಾಯಿ. ಉಳಿದ ಕಂತನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ. ಇದರ ವಿಶೇಷವೆಂದರೆ ಕೊಳೆರೋಗ ಬಂದು ಉದುರಿದ ಅಡಿಕೆಯನ್ನು ನೋಡಲು ತೋಟಕ್ಕೆ ಯಾರೂ ಬರುವುದಿಲ್ಲ. ಪಂಚಾಯಿತಿಯ ಮಳೆ ಮಾಪಕ ಏನು ಹೇಳುತ್ತದೋ ಅದೇ ತೀರ್ಪು. ನನಗೆ ಈ ಪದ್ಧತಿಯ ಮೇಲೆ ದ್ವೇಷವಿಲ್ಲ. ಅಧಿಕಾರಿ ಬಂದು ನೋಡಿ ಬರೆಯುವ ಕಾಲದಲ್ಲಿ ಯಾರ ಮನೆಯಲ್ಲಿ ಊಟ ಮಾಡಿದರು ಎನ್ನುವುದರ ಮೇಲೆ ನಷ್ಟದ ಪ್ರಮಾಣ ನಿಗದಿಯಾಗುತ್ತಿತ್ತು. ಯಂತ್ರ ಯಾರ ಮನೆಯಲ್ಲೂ ಉಣ್ಣುವುದಿಲ್ಲ. ಆದರೆ ಘಟ್ಟದ ಅಂಚಿನಲ್ಲಿ ಒಂದು ಗುಡ್ಡ ದಾಟಿದರೆ ಮಳೆಯೇ ಬೇರೆ.

ಆಲಿಕೆಯ ವಿಚಾರ

ಹಲವರು ಕೇಳಿದ್ದರಿಂದ ಮತ್ತೊಮ್ಮೆ ಬರೆಯುತ್ತಿದ್ದೇನೆ. 16 ಸೆಂಟಿಮೀಟರ್ ಬಾಯಿಯ ಆಲಿಕೆಯನ್ನೇ ಹುಡುಕಿ ತನ್ನಿ. ಅದರ ಬಾಯಿಯ ವಿಸ್ತೀರ್ಣ ಸುಮಾರು 201 ಚದರ ಸೆಂಟಿಮೀಟರ್. ಒಂದು ಮಿಲಿಮೀಟರ್ ಮಳೆ ಬಿದ್ದರೆ ಕೆಳಗಿನ ಕ್ಯಾನಿನಲ್ಲಿ 20 ಮಿಲಿಲೀಟರ್ ನೀರು ಸೇರುತ್ತದೆ. ಲೆಕ್ಕ ಬಾಯಲ್ಲೇ ಆಗುತ್ತದೆ. ಐದು ಲೀಟರಿನ ಎಣ್ಣೆ ಕ್ಯಾನ್ ಆದರೆ 250 ಮಿಲಿಮೀಟರ್‌ವರೆಗೆ ತುಂಬಿ ಚೆಲ್ಲುವ ಭಯವಿಲ್ಲ. ಎರಡು ಲೀಟರಿನ ಬಾಟಲಿ ಮಲೆನಾಡಿಗೆ ಆಗುವುದಿಲ್ಲ. ಮೊದಲ ವರ್ಷವೇ ಪಾಠ ಕಲಿತಿದ್ದೇನೆ. ಮರದ ಎತ್ತರದ ಎರಡರಷ್ಟು ದೂರದಲ್ಲಿಡಬೇಕು ಎಂಬ ನಿಯಮವಿದೆ. ತೋಟದೊಳಗೆ ಅಂಥ ಜಾಗ ಸಿಗುವುದು ಕಾಫಿ ಒಣಗಿಸುವ ಕಣದಲ್ಲಿ ಮಾತ್ರ. ಬೆಳಿಗ್ಗೆ 8.30ಕ್ಕೆ ಅಳೆಯಬೇಕು, ಹವಾಮಾನ ಇಲಾಖೆಯ ದಿನ ಮುಗಿಯುವುದು ಆಗಲೇ.

ನಮ್ಮದೇ ತಪ್ಪುಗಳನ್ನೂ ಹೇಳಬೇಕಲ್ಲ. ಏಳನೆಯ ಆಲಿಕೆ ಹದಿನೈದು ದಿನ ಸುತ್ತಮುತ್ತಲಿನವರಿಗಿಂತ ಸದಾ ಕಡಿಮೆ ತೋರಿಸುತ್ತಿತ್ತು. ಹೋಗಿ ನೋಡಿದರೆ ಆ ಮನೆಯ ಅಜ್ಜಿ ದಿನಾ ಬೆಳಿಗ್ಗೆ ಕ್ಯಾನಿನಿಂದ ಒಂದು ಲೋಟ ನೀರು ಬಗ್ಗಿಸಿ ಕೋಳಿಗೆ ಇಡುತ್ತಿದ್ದರು. ‘ಮಳೆ ನೀರು ಕೋಳಿಗೆ ಒಳ್ಳೆಯದು’ ಎಂದರು. ಆ ಹದಿನೈದು ದಿನಗಳ ಅಂಕಿಗಳನ್ನು ಹೊಡೆದುಹಾಕಿದ್ದೇನೆ.

ಮುಖ್ಯ ಪರೀಕ್ಷೆಯೆಂದರೆ ಪಂಚಾಯಿತಿಯ ಸ್ವಯಂಚಾಲಿತ ಮಾಪಕದ ಪಕ್ಕದಲ್ಲೇ ನಮ್ಮದೊಂದನ್ನು ನಲವತ್ತು ದಿನ ಇಟ್ಟದ್ದು. ಯಂತ್ರದೊಳಗೆ ಸಣ್ಣ ತಕ್ಕಡಿಯಂಥ ಬಟ್ಟಲಿರುತ್ತದೆ. ತುಂಬಿದಾಗಲೆಲ್ಲ ಒಂದು ಬದಿಗೆ ವಾಲಿ ಎಣಿಕೆ ಕೊಡುತ್ತದೆ. ಜಡಿಮಳೆಯಲ್ಲಿ ಬಟ್ಟಲು ವಾಲುವಷ್ಟರಲ್ಲಿ ಒಂದಿಷ್ಟು ನೀರು ಲೆಕ್ಕಕ್ಕೆ ಸಿಗದೆ ಹೋಗುವುದುಂಟು. ಆದರೂ ಎರಡರ ಮೊತ್ತದಲ್ಲಿ ಬಂದ ವ್ಯತ್ಯಾಸ ಶೇ 4ರ ಆಸುಪಾಸು, ಅಷ್ಟೇ. ಇದನ್ನು ಊರಿನಲ್ಲಿ ಹೇಳಿದಾಗ ಕೆಲವರಿಗೆ ಬೇಸರವಾಯಿತು. ಯಂತ್ರ ಸುಳ್ಳು ಹೇಳುತ್ತದೆ ಎಂದು ನಾನು ಸಾಬೀತು ಮಾಡುತ್ತೇನೆ ಎಂದು ಅವರು ಕಾದಿದ್ದರು. ಯಂತ್ರ ನಿಜವನ್ನೇ ಹೇಳುತ್ತದೆ, ಆದರೆ ತಾನು ನಿಂತ ಜಾಗದ ನಿಜವನ್ನು.

ಜುಲೈ 2024

ಸಕಲೇಶಪುರದ ದೊಡ್ಡತಪ್ಪಲೆಯ ಬಳಿ ಗುಡ್ಡ ಜಾರಿ ಶಿರಾಡಿ ಘಾಟಿ ಬಂದ್ ಆದ ವಾರ. ಒಂದು ಬೆಳಿಗ್ಗೆ ಘಟ್ಟದ ಕಡೆಯ ಆಲಿಕೆಯವರು ಫೋನ್ ಮಾಡಿ, ಕ್ಯಾನಿನಲ್ಲಿ ನಾಲ್ಕೂಕಾಲು ಲೀಟರ್ ಇದೆ, ತಪ್ಪಾಗಿರಬಹುದೇ ಎಂದು ಕೇಳಿದರು. ತಪ್ಪಾಗಿರಲಿಲ್ಲ. 212 ಮಿಲಿಮೀಟರ್, ಎಂಟು ಇಂಚು ಮೂವತ್ತೈದು ಸೆಂಟ್. ಅದೇ ದಿನ ಪಂಚಾಯಿತಿ ಕಚೇರಿಯ ಬಳಿ 118. ಪೂರ್ವದ ತುದಿಯ ಮನೆಯಲ್ಲಿ 71. ಹವಾಮಾನ ಇಲಾಖೆಯ ಪರಿಭಾಷೆಯಲ್ಲಿ 64.5 ದಾಟಿದರೆ ಭಾರಿ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನ ವರ್ಗ. ಒಂದೇ ಪಂಚಾಯಿತಿ, ಒಂದೇ ರಾತ್ರಿ, ಮೂರೂ ವರ್ಗಗಳು.

ಆ ವರ್ಷ ವಿಮೆ ಲೆಕ್ಕ ಹಾಕಿದ್ದು 118ರ ಮೇಲೆ. ಪೂರ್ವದವರಿಗೆ ಅದು ಲಾಭ, ಘಟ್ಟದ ಕಡೆಯವರಿಗೆ ನಷ್ಟ. ಕಂಪನಿಯ ಪ್ರತಿನಿಧಿಗೆ ಪುಸ್ತಕ ತೋರಿಸಿದೆ. ಸಭ್ಯ ಹುಡುಗ, ಪುಟ ತಿರುವಿ ನೋಡಿದ. ‘ಚೆನ್ನಾಗಿ ಬರೆದಿದ್ದೀರಿ ಸರ್, ಆದರೆ ಇದು ನಮಗೆ ದಾಖಲೆಯಲ್ಲ’ ಎಂದ. ಸರಿಯೇ. ನಾಳೆ ಪ್ರತಿಯೊಬ್ಬ ರೈತನೂ ತನ್ನ ಕ್ಯಾನಿಗೆ ತಾನೇ ನೀರು ತುಂಬಿಸಿ ತಂದರೆ ವಿಮೆ ನಡೆಯುವುದಾದರೂ ಹೇಗೆ?

ಮಳೆ ಚೀಟಿ

ಅಲ್ಲಿಂದ ಬರುವಾಗ ಹೊಳೆದದ್ದು ಇದು. ನಮ್ಮ ಅಂಕಿಗಳನ್ನು ಬೇರೆಯವರು ನಂಬಬೇಕಾಗಿಲ್ಲ, ನಾವು ನಂಬಿದರೆ ಸಾಲದೇ? ಹನ್ನೊಂದು ಮನೆಯವರು ತಿಂಗಳಿಗೆ 500 ರೂಪಾಯಿಯಂತೆ ಹಾಕತೊಡಗಿದೆವು. ಜುಲೈನಿಂದ ಫೆಬ್ರವರಿಯವರೆಗೆ ಎಂಟು ತಿಂಗಳಿಗೆ 44,000 ಆಯಿತು. ವಿಮೆ ಎಂಬ ಪದವನ್ನು ಮಾತ್ರ ಎಲ್ಲಿಯೂ ಬರೆಯಬೇಡಿ, ಅದಕ್ಕೆ ಬೇರೆ ಕಾನೂನಿದೆ ಎಂದು ಲೆಕ್ಕಪತ್ರ ಬಲ್ಲ ಒಬ್ಬರು ಎಚ್ಚರಿಸಿದ್ದರಿಂದ ಸ್ವಸಹಾಯ ಸಂಘದ ಕೈಸಾಲ ಎಂದು ದಾಖಲಿಸಿದೆವು. ಊರಿನಲ್ಲಿ ಅದಕ್ಕೆ ತಾನಾಗಿಯೇ ‘ಮಳೆ ಚೀಟಿ’ ಎಂದು ಹೆಸರು ಬಿತ್ತು.

ಗುರಿ ಹೂಮಳೆ. ರೊಬಸ್ಟಾಗೆ ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಇಂಚಾದರೂ ಮಳೆ ಬೇಕು. ಬಂದ ಎಂಟು, ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ, ಮಲ್ಲಿಗೆಯಂಥ ಪರಿಮಳ ರಸ್ತೆಯವರೆಗೆ ಬರುತ್ತದೆ. ಅರೆಬರೆ ಬಂದರೆ ಅದಕ್ಕಿಂತ ಬಾರದಿರುವುದೇ ವಾಸಿ: ಮೊಗ್ಗು ಎಚ್ಚೆತ್ತು, ಅರಳಲಾರದೆ ಕೆಂಪಗೆ ಮುದುಡುತ್ತದೆ. ಆಗ ತುಂತುರು ನೀರಾವರಿಯಿಂದ ಕೂಡಲೇ ಕೊರತೆ ತುಂಬಬೇಕು. ಪಂಪು ಬಾಡಿಗೆಗೆ ಸಿಗುತ್ತದೆ, ಡೀಸೆಲ್ಲಿಗೆ ಹಣ ಬೇಕು. ಫೆಬ್ರವರಿಯಲ್ಲಿ ಕೊಯ್ಲಿನ ಕೂಲಿ ಕೊಟ್ಟು ಎಲ್ಲರ ಕೈಯೂ ಖಾಲಿ. ಆದ್ದರಿಂದ ನಿಯಮ ಹೀಗಾಯಿತು: ಮಾರ್ಚ್ 25ರೊಳಗೆ ನಿಮ್ಮ ಮನೆಯ ಆಲಿಕೆಯಲ್ಲಿ 50 ಸೆಂಟಿಗಿಂತ ಕಡಿಮೆ ಬಿದ್ದಿದ್ದರೆ 10,000 ರೂಪಾಯಿ, ಬಡ್ಡಿಯಿಲ್ಲದೆ, ಕಾಫಿ ಮಾರಿದ ಮೇಲೆ ವಾಪಸು.

ಮಾರ್ಚ್ 2025ರ ಲೆಕ್ಕ: ಆರು ಮನೆಗಳಿಗೆ ಒಳ್ಳೆಯ ಮಳೆ, ನಮ್ಮ ಮನೆಗೆ ಒಂದು ಇಂಚು ಹತ್ತು ಸೆಂಟ್. ನಾಲ್ಕು ಮನೆಗಳಿಗೆ 50ಕ್ಕಿಂತ ಕಡಿಮೆ, ಅವುಗಳಲ್ಲೊಂದರಲ್ಲಿ 48. ಹನ್ನೊಂದನೆಯ ಮನೆಯಲ್ಲಿ 52.

52 ಸೆಂಟಿನವರೂ 48 ಸೆಂಟಿನವರೂ ಷಡ್ಡಕರು, ಬೇಲಿ ಒಂದೇ. 50ರ ಗೆರೆಯ ಮೇಲಿನ ಆ ಎರಡು ಸೆಂಟ್ ಎಂದರೆ ಅರ್ಧ ಮಿಲಿಮೀಟರ್. ನಮ್ಮ ಆಲಿಕೆಯಲ್ಲಿ ಹತ್ತು ಮಿಲಿಲೀಟರ್, ಔಷಧಿ ಕುಡಿಯುವ ಚಮಚದಲ್ಲಿ ಎರಡು ಚಮಚ. ಸಂಘದ ಸಭೆಗೆ 52 ಸೆಂಟಿನವರು ನಿಜವಾಗಿಯೂ ಒಂದು ಚಮಚವನ್ನೂ ಸ್ಟೀಲ್ ಲೋಟವನ್ನೂ ತಂದಿದ್ದರು. ನನ್ನ ಮುಂದೆ ಎರಡು ಚಮಚ ನೀರು ಅಳೆದು ಹಾಕಿ, ‘ಈ ನೀರಿಗೆ ಹತ್ತು ಸಾವಿರ. ಇದನ್ನು ಗಿಡಕ್ಕೆ ಹಾಕಲೋ, ನಿಮ್ಮ ಬಾಯಿಗೆ ಹಾಕಲೋ ಹೇಳಿ’ ಎಂದರು. ಎಂಟು ತಿಂಗಳ ಹಿಂದೆ ವಿಮೆಯ ಹುಡುಗನ ಮುಂದೆ ನಾನು ಆಡಿದ್ದ ಮಾತೇ, ಲೋಟ ಮಾತ್ರ ಇರಲಿಲ್ಲ. ನಾನೂ ಅವನಷ್ಟೇ ಸಭ್ಯವಾಗಿ ನಿಯಮ ನಿಯಮವೇ ಎಂದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು.

ಷಡ್ಡಕರು ಮೂರು ವಾರ ಮಾತು ಬಿಟ್ಟರು. ಉಳಿದಿದ್ದ 4,000 ರೂಪಾಯಿಯನ್ನು 52 ಸೆಂಟಿನವರಿಗೆ ಕೊಟ್ಟೆವು, ತೆಗೆದುಕೊಂಡರು, ಸಮಾಧಾನವಾಗಲಿಲ್ಲ. ಶಾಲೆಯ ಗಣಿತದ ಮೇಷ್ಟ್ರು ಕುಳಿತು ಹೊಸ ನಿಯಮ ಮಾಡಿಕೊಟ್ಟರು. ಗೆರೆಯ ಬದಲು ಇಳಿಜಾರು: 40 ಸೆಂಟ್‌ವರೆಗೆ ಪೂರ್ತಿ 10,000, ಅಲ್ಲಿಂದ ಮೇಲೆ ಪ್ರತಿ ಸೆಂಟಿಗೆ 250 ಕಡಿತ, 80ಕ್ಕೆ ಸೊನ್ನೆ. ಈ ಲೆಕ್ಕದಲ್ಲಿ 48 ಸೆಂಟಿಗೆ 8,000, 52 ಸೆಂಟಿಗೆ 7,000. ನಾಲ್ಕು ಚಮಚಕ್ಕೆ ಸಾವಿರ ರೂಪಾಯಿಯ ವ್ಯತ್ಯಾಸ ಯಾರಿಗೂ ಅನ್ಯಾಯ ಎನಿಸಲಿಲ್ಲ.

ಕೆರೆ

ಗ್ರಾಮ ಸಭೆಗೆ ಹನ್ನೊಂದು ಆಲಿಕೆಗಳ ನಕ್ಷೆ ತೆಗೆದುಕೊಂಡು ಹೋದೆವು. ಕೇಳಿದ್ದು ಎರಡು: ಘಟ್ಟದ ಕಡೆಗೆ ಇನ್ನೊಂದು ಅಧಿಕೃತ ಮಾಪಕ, ಮತ್ತು ಹೂಳು ತುಂಬಿದ ಊರಕೆರೆಯ ದುರಸ್ತಿ. ಮಾಪಕದ ಠರಾವು ಪಾಸಾಗಿ ಮೇಲಕ್ಕೆ ಹೋಯಿತು. ಉತ್ತರ ಇನ್ನೂ ಬಂದಿಲ್ಲ. ಕೆರೆಗೆ ಮಾತ್ರ ದಾರಿ ಸಿಕ್ಕಿತು. ಸರ್ವೆ ನಕಾಶೆಯಲ್ಲಿ ಅದು ಬಿ ಖರಾಬು, ಅಂದರೆ ಸಾರ್ವಜನಿಕ ಜಾಗ ಎಂದು ಸ್ಪಷ್ಟವಾಗಿದ್ದುದೇ ಪುಣ್ಯ, ಇಲ್ಲದಿದ್ದರೆ ಒತ್ತುವರಿಯ ಜಗಳದಲ್ಲೇ ವರ್ಷ ಕಳೆಯುತ್ತಿತ್ತು.

ಹಣಕಾಸಿನ ಬಗ್ಗೆ ಕಲಿತದ್ದು: ಹಣ ಇಲ್ಲ ಎನ್ನುವುದಕ್ಕಿಂತ ಯಾವ ಡಬ್ಬಿಯಲ್ಲಿದೆ ಎನ್ನುವುದೇ ಪ್ರಶ್ನೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಮಳೆ ನೀರು ಸಂಗ್ರಹ ಅದರೊಳಗೆ ಬರುತ್ತಿತ್ತು. ಕೋಡಿಯ ಕಲ್ಲುಕಟ್ಟಡ ಅಲ್ಲಿಂದ. ಹೂಳೆತ್ತುವುದು ಉದ್ಯೋಗ ಖಾತ್ರಿಯಿಂದ. ತೊಂದರೆಯೆಂದರೆ ಖಾತ್ರಿಯ ಕೂಲಿ 2025ರ ಏಪ್ರಿಲ್‌ನಿಂದ 370 ರೂಪಾಯಿ ಇತ್ತು, ತೋಟದ ಕೂಲಿ ಅದಕ್ಕಿಂತ ಹೆಚ್ಚಿತ್ತು. ಯಾರು ಬರುತ್ತಾರೆ? ಕೊಯ್ಲು ಮುಗಿದು ತೋಟದ ಕೆಲಸ ಸಡಿಲವಾಗುವ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಮಹಿಳೆಯರು ಮನಸ್ಸು ಮಾಡಿದ್ದರಿಂದ ಕೆಲಸ ಹತ್ತಿತು. ಹೂಳು ಬೇಕಾದವರು ತಮ್ಮ ಟ್ರ್ಯಾಕ್ಟರಿನಲ್ಲಿ ಸಾಗಿಸಿಕೊಂಡರು.

ಗುಡ್ಡದ ಮೇಲೂ ಇಂಗುಗುಂಡಿ ತೆಗೆಸೋಣ ಎಂದು ಉತ್ಸಾಹಿಗಳು ಹೊರಟಿದ್ದರು. ನಾನು ಅಡ್ಡ ನಿಂತೆ. ಸಾಧಾರಣ ಇಳಿಜಾರಿನ ತೋಟದಲ್ಲಿ ನೀರು ಹಿಡಿದಿಡುವ ತೊಟ್ಟಿಲು ಗುಂಡಿ ಒಳ್ಳೆಯದೇ, ಅಪ್ಪನೂ ತೆಗೆಸುತ್ತಿದ್ದರು. ಆದರೆ 2019ರ ಆಗಸ್ಟ್‌ನಲ್ಲಿ ಇದೇ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಕುಸಿದು ಮನೆಗಳೇ ಹೋದದ್ದನ್ನು ನೋಡಿದವರು ಕಡಿದಾದ ಜಾಗದಲ್ಲಿ ನೀರು ಇಂಗಿಸುವ ಮಾತಾಡಬಾರದು. ಅಲ್ಲಿ ನೀರು ಬೇಗ ಹರಿದು ಹೋಗುವುದೇ ಕ್ಷೇಮ.

ಮೇ ಕೊನೆಗೆ ಏರಿಯ ಕೆಲಸ ಮುಗಿಸುವುದೆಂದು ಲೆಕ್ಕ. 2025ರಲ್ಲಿ ಮುಂಗಾರು ಎಂಟು ದಿನ ಮೊದಲೇ, ಮೇ 24ಕ್ಕೆ ಕೇರಳಕ್ಕೆ ಬಂದಿತು. ನಮ್ಮಲ್ಲಿ ಅದಕ್ಕೂ ಮೊದಲೇ ಜಡಿ ಹಿಡಿದಿತ್ತು. ಅಪ್ಪ ‘ಭರಣಿ ಮಳೆ ಬಂದರೆ ಧರಣಿ ಬದುಕೀತು’ ಎನ್ನುತ್ತಿದ್ದರು. ಅರ್ಧ ಕಟ್ಟಿದ ಏರಿ ಇರುವವರಿಗೆ ಆ ಗಾದೆ ಅನ್ವಯಿಸುವುದಿಲ್ಲ. ಉತ್ತರದ ಮೂಲೆಯಲ್ಲಿ ಹತ್ತಡಿ ಕೊಚ್ಚಿಹೋಯಿತು. ಮರಳುಚೀಲ ಜೋಡಿಸಿ ನಿಲ್ಲಿಸಿದ್ದೇವೆ. ಕೆರೆ ತುಂಬಿದೆ, ಆದರೆ ಆ ಮೂಲೆ ನೋಡಿದಾಗಲೆಲ್ಲ ಎದೆ ಝಲ್ ಎನ್ನುತ್ತದೆ.

ದೊಡ್ಡ ಲೆಕ್ಕ, ಸಣ್ಣ ಲೆಕ್ಕ

2024ರ ನವೆಂಬರ್‌ನಲ್ಲಿ ಬಾಕುವಿನ ಹವಾಮಾನ ಸಮ್ಮೇಳನದಲ್ಲಿ 2035ರ ಹೊತ್ತಿಗೆ ಅಭಿವೃದ್ಧಿಶೀಲ ದೇಶಗಳಿಗೆ ವರ್ಷಕ್ಕೆ 300 ಬಿಲಿಯನ್ ಡಾಲರ್ ಎಂದು ಮಾತಾಯಿತು. ನಾನು ಓದಿ ಪತ್ರಿಕೆ ಮಡಿಸಿಟ್ಟೆ. ಹತ್ತಿರದ ಉದಾಹರಣೆ ನನಗೆ ಹೆಚ್ಚು ಅರ್ಥವಾಗುತ್ತದೆ. 2023ರ ಬರಕ್ಕೆ ರಾಜ್ಯ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಂದದ್ದು 3,400 ಕೋಟಿಯ ಚಿಲ್ಲರೆ. ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಎರಡು ಹೆಕ್ಟೇರ್‌ವರೆಗೆ ಮಾತ್ರ, ನಷ್ಟ ಶೇ 33 ಆಗಿದ್ದರೆ. ಹಾಗಾದರೆ 32 ಆದವನ ಗತಿ? ಅವನ ಬಳಿಯೂ ಒಂದು ಚಮಚ ಮತ್ತು ಲೋಟ ಇರಬೇಕು. ಇಳಿಜಾರಿನ ನಿಯಮವನ್ನು ಒಂದು ಪುಟದಲ್ಲಿ ಬರೆದು ಜಿಲ್ಲಾ ಮಟ್ಟದ ಸಭೆಯೊಂದರಲ್ಲಿ ಕೊಟ್ಟು ಬಂದಿದ್ದೇನೆ. ಮೇಷ್ಟ್ರು ರೇಖಾಚಿತ್ರವನ್ನೂ ಬರೆದುಕೊಟ್ಟಿದ್ದರು.

ಈಗ

ನಾಲ್ವರಲ್ಲಿ ಮೂವರು ಸಾಲ ತೀರಿಸುವುದನ್ನು ಕಾಫಿ ಕೊಯ್ಲಿನವರೆಗೆ ಕಾಯದೆ ಮೆಣಸು ಮಾರಿ ಮುಗಿಸಿದ್ದಾರೆ. ಈ ಸಲ ಇನ್ನೂ ನಾಲ್ಕು ಮನೆಯವರು ಸೇರಲು ಕೇಳಿದ್ದಾರೆ. ಆಲಿಕೆ ಮೊದಲು, ಚೀಟಿ ಆಮೇಲೆ, ಒಂದು ವರ್ಷ ಅಳೆದು ತೋರಿಸಿ ಎಂದಿದ್ದೇನೆ. ಹನ್ನೆರಡನೆಯ ಆಲಿಕೆ ಕೆರೆ ಏರಿಯ ಮೇಲೆ ನಿಲ್ಲಲಿದೆ, ಯಾರ ಮನೆಗೂ ಸೇರದೆ. ಅದನ್ನು ಅಳೆಯುವ ಕೆಲಸವನ್ನು ಷಡ್ಡಕರಿಬ್ಬರೂ ದಿನ ಬಿಟ್ಟು ದಿನ ಹಂಚಿಕೊಂಡಿದ್ದಾರೆ.

ಇವತ್ತು ಬೆಳಿಗ್ಗೆ 8.30ಕ್ಕೆ ನಮ್ಮ ಮನೆಯಲ್ಲಿ 31 ಸೆಂಟ್. ಏಳನೆಯ ಆಲಿಕೆಯಿಂದ ಇನ್ನೂ ಅಂಕಿ ಬಂದಿಲ್ಲ. ಅಜ್ಜಿಗೆ ಫೋನ್ ಮಾಡಬೇಕು.