ಮೇಲಿನ ಹಲಗೆಗೆ ಹೋದ ಅರಿಶಿಣದ ಡಬ್ಬಿ

ನನಗೆ ಕಾಮಣಿ ಆಗಿದೆ ಅಂತ ಗೊತ್ತಾದ ದಿನವೇ ಅವ್ವ ಅರಿಶಿಣದ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದಳು. ಕಣ್ಣು ಹಳದಿ, ಮೂತ್ರ ಹಳದಿ, ಇನ್ನು ತಟ್ಟೆಯಲ್ಲೂ ಹಳದಿ ಯಾಕೆ ಅನ್ನುವುದು ಅವಳ ಲೆಕ್ಕ. ಮರುದಿನ ಎಣ್ಣೆ ಹೋಯಿತು. ಆಮೇಲೆ ಉಪ್ಪು. ಸೋನಾ ಮಸೂರಿಗೆ ಹೆಸರಾದ ಸಿಂಧನೂರಿನಲ್ಲಿ ಕೂತು, ಮೇ ತಿಂಗಳ ಆ ಬಿಸಿಲಲ್ಲಿ, ನಾನು ಬರೀ ಸಪ್ಪನೆ ಗಂಜಿ ಕುಡಿದೆ. ಜೊತೆಗೆ ಅಪ್ಪ ತರುತ್ತಿದ್ದ ಕಬ್ಬಿನ ಹಾಲು.

ಹನ್ನೊಂದನೇ ದಿನ ಮತ್ತೆ ರಕ್ತ ಪರೀಕ್ಷೆ. ಕಣ್ಣನ್ನು ಹಳದಿ ಮಾಡುವ ಬಿಲಿರುಬಿನ್ ಅನ್ನೋ ಅಂಶ ರಕ್ತದಲ್ಲಿ 9 ಇದ್ದದ್ದು 5ಕ್ಕೆ ಇಳಿದಿತ್ತು. ಒಂದರ ಆಸುಪಾಸು ಇರಬೇಕಾದದ್ದು ಅದು. ನನಗೆ ಖುಷಿ. ಡಾಕ್ಟರು ಮಾತ್ರ ತೂಕ ನೋಡಿ ಹುಬ್ಬು ಗಂಟಿಕ್ಕಿದರು. 4 ಕಿಲೋ ಕಮ್ಮಿ!

"ಏನು ಉಣ್ಣಾಕತ್ತೀಯಪ್ಪ?"

ಹೇಳಿದೆ. ಅವರು ಅವ್ವನ ಕಡೆ ತಿರುಗಿದರು. "ಲಿವರ್ ತನ್ನ ರಿಪೇರಿ ತಾನೇ ಮಾಡ್ಕೋತೈತವ್ವ. ಅದಕ್ಕ ಸಾಮಾನು ಬೇಕಲ್ಲ? ಬ್ಯಾಳಿ, ಮೊಸರು, ರೊಟ್ಟಿ ಎಲ್ಲಾ ಕೊಡು."

"ಎಣ್ಣಿ ಬ್ಯಾಡ ಅಂತ ಎಲ್ರೂ ಅಂತಾರ್ರೀ..."

"ಎಲ್ರೂ ಅಂತಾರ, ಲಿವರ್ ಅನ್ನಂಗಿಲ್ಲ. ಕರಿದದ್ದು ಬ್ಯಾಡ. ಒಗ್ಗರಣಿಗೆ ಒಂದು ಚಮಚ ಹಾಕು."

ನನ್ನದು ಹೆಪಟೈಟಿಸ್ ಎ, ಕೆಟ್ಟ ನೀರಿನಿಂದ ಬರುವಂಥದ್ದು. ಹಾಗಾಗಿ ರಸ್ತೆಬದಿಯ ಕಬ್ಬಿನ ಹಾಲಿಗೂ ಕತ್ತರಿ ಬಿತ್ತು. ಅದಕ್ಕೆ ಹಾಕುವ ಐಸ್ ಯಾವ ನೀರಿಂದೋ ಯಾರಿಗೆ ಗೊತ್ತು? ಪಕ್ಕದ ಮನೆ ಅತ್ತಿ ತಂದುಕೊಟ್ಟಿದ್ದ ಸೊಪ್ಪಿನ ರಸವೂ ಬಂದ್. ಹೆಚ್ಚಿನ ಔಷಧಗಳನ್ನು ಅರಗಿಸುವ ಕೆಲಸ ಲಿವರ್‌ಗೇ ಬೀಳುತ್ತದಂತೆ. ಜ್ವರದ ಮಾತ್ರೆಯನ್ನೂ ಕೇಳದೆ ನುಂಗಬಾರದು ಅಂದರು. ಅತ್ತಿಗೆ ಇದನ್ನೆಲ್ಲ ಹೇಳುವ ಧೈರ್ಯ ನಮಗೆ ಆಗಲಿಲ್ಲ. ರಸ ಸುಮ್ನೆ ತುಳಸಿಗಿಡದ ಬುಡಕ್ಕೆ ಹೋಯಿತು.

ಉಣ್ಣು ಅಂದರೆ ಉಣ್ಣಲಿಕ್ಕೆ ಆಗಬೇಕಲ್ವಾ? ಸಂಜೆಯಾದರೆ ಅನ್ನದ ವಾಸನೆಗೇ ವಾಕರಿಕೆ. ಬೆಳಿಗ್ಗೆ ಮಾತ್ರ ಒಂದಿಷ್ಟು ಹಸಿವು. "ಹಂಗಾದ್ರ ದೊಡ್ಡ ಊಟ ಮುಂಜಾನೆಗೇ ಇಟ್ಕೋ, ಸಂಜಿಗೆ ಸ್ವಲ್ಪ ಸ್ವಲ್ಪ ತಿನ್ನು" ಅಂದಿದ್ದರು ಡಾಕ್ಟರು. ಹಾಗಾಗಿ ಮರುದಿನ ಆರೂವರೆಗೆಲ್ಲ ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾಯಿತು. ಬಿಸಿ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಗಟ್ಟಿ ಮೊಸರು. ಪಲ್ಯಕ್ಕೆ ಉಪ್ಪು ಇತ್ತು! ಆ ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬಂತು ಅಂದರೆ ನೀವು ನಗಬಹುದು. ಅಷ್ಟು ದಿನ ಉಪ್ಪಿಲ್ಲದ ಗಂಜಿ ಕುಡಿದು ಆಮೇಲೆ ನಗಿ. ಒಂದೂವರೆ ರೊಟ್ಟಿ ತಿಂದೆ. ಅರ್ಧ ರೊಟ್ಟಿ ಉಳಿದದ್ದಕ್ಕೆ ಅವ್ವ ಬೈದಳು.

ಪಲ್ಯ ತುಸು ಹಳದಿ ಇತ್ತು. ನಾನು ನೋಡಿದೆ, ಅವಳು ಮುಖ ಆ ಕಡೆ ತಿರುಗಿಸಿದಳು. ಡಬ್ಬಿ ಮಾತ್ರ ಕೆಳಗೆ ಬರಲಿಲ್ಲ. ನನ್ನ ಕಣ್ಣು ಪೂರ್ತಿ ಬೆಳ್ಳಗಾಗುವವರೆಗೆ ದಿನಾ ಸ್ಟೂಲ್ ಹತ್ತಿ, ಒಂದು ಚಿಟಿಕೆ ತೆಗೆದುಕೊಂಡು, ಮತ್ತೆ ಅಲ್ಲೇ ಇಟ್ಟು ಇಳಿಯುತ್ತಿದ್ದಳು.